ತೂಕಕ್ಕೆ ಹಾಕುವ ಮುನ್ನ

(ಬೀಡುಕಬ್ಬಿಣದ ಹಳೆಯ ವಸ್ತುಗಳ ಸಂಗ್ರಹ ಕುರಿತು ಕುಕ್ಕುವಾಡದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕುಕ್ಕುವಾಡ ಎಂದೊಡನೆ ದಾವಣಗೆರೆ ಸೀಮೆಯವರಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ. 1970ರಲ್ಲಿ ಸ್ಥಾಪನೆಯಾದ ದಾವಣಗೆರೆ ಷುಗರ್ ಕಂಪನಿಯ ಕಾರ್ಖಾನೆ ಇರುವುದು ಇಲ್ಲಿಯೇ. ಹಂಗಾಮು ಬಂತೆಂದರೆ ಕಬ್ಬು ಹೇರಿದ ಗಾಡಿಗಳ ಸಾಲು ಇಲ್ಲಿ ಯಾರಿಗೂ ಹೊಸದಲ್ಲ. ಆದರೆ ಕಾರ್ಖಾನೆಗಳು ಬರುವ ಮೊದಲೂ ಕನ್ನಡ ನಾಡಿನಲ್ಲಿ ಕಬ್ಬು ಅರೆಯುತ್ತಿದ್ದರು. ಆಲೆಮನೆಯ ಅಂಗಳದಲ್ಲಿ ಮೂರು ಉರುಳೆಗಳ ಗಾಣ, ಅದರ ಮೇಲೆ ಉದ್ದನೆಯ ಮರದ ತೊಲೆ, ತೊಲೆಗೆ ಕಟ್ಟಿದ ಜೋಡೆತ್ತು. ಎತ್ತು ಸುತ್ತಿದಂತೆ ಉರುಳೆಗಳು ತಿರುಗುತ್ತಿದ್ದವು. ಕಬ್ಬಿನ ಹಾಲು ಕೆಳಗಿನ ಪಾತ್ರೆಗೆ ಇಳಿದು ಕೊಪ್ಪರಿಗೆ ಸೇರಿ ಬೆಲ್ಲವಾಗುತ್ತಿತ್ತು.

ಆ ಗಾಣ ಈಗ ಎಲ್ಲಿದೆ? ಕೆಲವು ಹಿತ್ತಲುಗಳಲ್ಲಿ ಬೇಲಿಯ ಬದಿಗೆ ಮಣ್ಣಿನಲ್ಲಿ ಅರ್ಧ ಹೂತು ಬಿದ್ದಿರಬಹುದು. ಬಹುಪಾಲು ಗಾಣಗಳು ಗುಜರಿಗೆ ಹೋಗಿವೆ. ಗುಜರಿಯವನು ಕೇಳುವ ಪ್ರಶ್ನೆ ಒಂದೇ: ಎಷ್ಟು ಕೆ.ಜಿ.? ಗಾಣದ ಮೈಮೇಲೆ ಯಾರ ಹೆಸರಿದೆ, ಯಾವ ಊರಿನ ಫೌಂಡ್ರಿಯ ಗುರುತಿದೆ, ಎಷ್ಟು ತಲೆಮಾರು ಅದನ್ನು ತಿರುಗಿಸಿತು ಎಂಬುದಕ್ಕೆ ತಕ್ಕಡಿಯಲ್ಲಿ ತೂಕವಿಲ್ಲ. ಇಂದಿನ ಮಾತು ಆ ತೂಕವಿಲ್ಲದ ಸಂಗತಿಗಳ ಕುರಿತದ್ದು.

ಬೀಡು ಎಂದರೇನು?

ಗಾಣ, ಲೇತ್ ಯಂತ್ರದ ಮೈ, ಹೊಲಿಗೆ ಯಂತ್ರದ ಕಾಲು, ರೈಲು ನಿಲ್ದಾಣದ ಬೆಂಚಿನ ಪಕ್ಕೆಗಳು, ಕಿರಾಣಿ ಅಂಗಡಿಯ ತೂಕದ ಕಲ್ಲು - ಇವೆಲ್ಲ ಬೀಡುಕಬ್ಬಿಣದವು. ಕಮ್ಮಾರನು ಕಾಯಿಸಿ ಬಡಿದು ಮಾಡುವ ಕುಡುಗೋಲು, ಗುಳಗಳ ಕಬ್ಬಿಣ ಬೇರೆ, ಇದು ಬೇರೆ. ಬೀಡಿನಲ್ಲಿ ಇಂಗಾಲದ ಅಂಶ ಶೇಕಡಾ 2ಕ್ಕಿಂತ ಹೆಚ್ಚು, ಸಾಮಾನ್ಯವಾಗಿ 4ರ ಒಳಗೆ. ಇಂಗಾಲ ಹೆಚ್ಚಾದಷ್ಟೂ ಕಬ್ಬಿಣ ಬೇಗ ಕರಗುತ್ತದೆ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕಾದರೆ ಬೀಡು 1200ರ ಆಸುಪಾಸಿನಲ್ಲಿಯೇ ನೀರಾಗುತ್ತದೆ. ಮರದಲ್ಲಿ ಮಾಡಿದ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಕರಗಿದ ಬೀಡನ್ನು ಅದಕ್ಕೆ ಹೊಯ್ದರೆ ಬಳ್ಳಿ, ಹೂವು, ಅಕ್ಷರ ಯಾವುದು ಬೇಕಾದರೂ ಮೂಡುತ್ತದೆ. ಒಂದೇ ಮಾದರಿಯಿಂದ ನೂರಾರು ಎರಕ ಹೊಯ್ಯಬಹುದು.

ಈ ಗುಣದ ಜೊತೆಗೇ ಒಂದು ದೋಷವೂ ಇದೆ. ಬೀಡು ಭಾರವನ್ನು ಹೊರುತ್ತದೆ, ಪೆಟ್ಟನ್ನು ತಾಳುವುದಿಲ್ಲ. ಕಮ್ಮಾರನ ಕಬ್ಬಿಣ ಬಾಗುತ್ತದೆ, ಬೀಡು ಒಡೆಯುತ್ತದೆ. ಒಡೆದುಹೋದರೆ ಮನೆಯಲ್ಲಿ ಕೂಡಿಸುವುದು ಕಷ್ಟ. ಆದರೆ ಅದನ್ನು ಮತ್ತೆ ಕರಗಿಸುವುದು ಸುಲಭ. ಗುಜರಿಯ ಹಾದಿ ಇಷ್ಟು ಸಲೀಸಾಗಿರಲು ಇದೇ ಕಾರಣ. ನಿನ್ನೆಯ ಗಾಣ ನಾಳೆಯ ಮೋಟಾರು ಪಂಪಿನ ಹೊದಿಕೆಯಾಗುತ್ತದೆ. ಲೋಹ ಉಳಿಯುತ್ತದೆ, ವಸ್ತು ಅಳಿಯುತ್ತದೆ.

ನಮ್ಮ ನಾಡಿಗೆ ಬಂದ ಬಗೆ

ಕಬ್ಬಿಣದ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ದಕ್ಷಿಣ ಭಾರತದ ಉತ್ಕೃಷ್ಟ ಉಕ್ಕನ್ನು ಯುರೋಪಿನವರು 'ವೂಟ್ಜ್' ಎಂದು ಕರೆದರು. ಅದು ಕನ್ನಡದ 'ಉಕ್ಕು' ಪದದಿಂದಲೇ ಹುಟ್ಟಿತೆಂದು ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಆದರೆ ಹಳ್ಳಿಗಳ ಹಳೆಯ ಕುಲುಮೆಗಳಲ್ಲಿ ಅದಿರು ಪೂರ್ತಿ ಕರಗಿ ಹರಿಯುತ್ತಿರಲಿಲ್ಲ. ಮುದ್ದೆಯಾಗಿ ಸಿಗುತ್ತಿದ್ದ ಕಬ್ಬಿಣವನ್ನು ಬಡಿದು ಹದ ಮಾಡುತ್ತಿದ್ದರು. ಕಬ್ಬಿಣವನ್ನು ನೀರಾಗಿಸಿ ಎರಕ ಹೊಯ್ಯುವುದನ್ನು ಚೀನೀಯರು ಕ್ರಿಸ್ತಪೂರ್ವದಲ್ಲಿಯೇ ಬಲ್ಲವರಾಗಿದ್ದರು. ಇಂಗ್ಲೆಂಡಿನಲ್ಲಿ 1709ರಲ್ಲಿ ಅಬ್ರಹಾಂ ಡಾರ್ಬಿ ಇದ್ದಿಲಿನ ಬದಲು ಕೋಕ್ ಬಳಸಿ ಬೀಡು ತೆಗೆದ ಮೇಲೆ ಅದು ಅಗ್ಗವಾಯಿತು. ಅಲ್ಲಿ 1779ರ ಹೊತ್ತಿಗೆ ಬೀಡಿನಿಂದಲೇ ಸೇತುವೆ ಎದ್ದು ನಿಂತಿತು. ಕರ್ನಾಟಕದಲ್ಲಿ ಬೀಡಿನ ಸಾಮಾನುಗಳು ದಿನಬಳಕೆಗೆ ಹರಡಿದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಸಂಗ್ರಹ ಮಾಡುವವರಿಗೆ ಇದು ಮೊದಲ ಪಾಠ. 'ಮುನ್ನೂರು ವರ್ಷದ ಬೀಡಿನ ದೀಪದ ಕಂಬ' ಎಂದು ಯಾರಾದರೂ ಮಾರಲು ಬಂದರೆ ಸಂಶಯ ಪಡಬೇಕು.

ಆ ಕಾಲದ ಬೀಡಿನ ವೈಭವವನ್ನು ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗಿಗೆ ಹೋಗಬೇಕು. 1889ರಲ್ಲಿ ಅಡಿಗಲ್ಲು ಬಿದ್ದ ಅಲ್ಲಿನ ಗಾಜಿನ ಮನೆಯ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸನ್ ಫೌಂಡ್ರಿಯಿಂದ ಬಂದವು. 1897ರ ಬೆಂಕಿಯಲ್ಲಿ ಮರದ ಅರಮನೆ ಸುಟ್ಟ ಬಳಿಕ ಕಟ್ಟಿ 1912ರಲ್ಲಿ ಮುಗಿಸಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಅದೇ ಫೌಂಡ್ರಿಯವು. ಮುದ್ರಿತ ಪಟ್ಟಿಯಲ್ಲಿ ಚಿತ್ರ ನೋಡಿ, ನಂಬರು ಬರೆದು ಕಳಿಸಿದರೆ ಕಂಬ, ಕಟಕಟೆ, ಕಾರಂಜಿಗಳು ಹಡಗಿನಲ್ಲಿ ಬಂದಿಳಿಯುತ್ತಿದ್ದ ಕಾಲ ಅದು.

ಅರಮನೆಯ ಬೀಡನ್ನು ಕಾಯಲು ಕಾವಲಿದೆ, ಇಲಾಖೆಯಿದೆ. ರೈತನ ಬೀಡನ್ನು ಕಾಯುವವರು ಯಾರು?

ಗಾಣದಿಂದ ಲೇತ್‌ವರೆಗೆ

1870ರ ದಶಕದಲ್ಲಿ ಬಿಹಾರದ ಬಿಹಿಯಾ ಎಂಬಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬ ಇಬ್ಬರು ಜಮೀನುದಾರರು ಎತ್ತು ತಿರುಗಿಸುವ ಕಬ್ಬಿಣದ ಗಾಣವನ್ನು ರೂಪಿಸಿದರು. ಮರದ ಮತ್ತು ಕಲ್ಲಿನ ಗಾಣಗಳಿಗಿಂತ ಇದು ಹಗುರ. ಕಬ್ಬನ್ನು ತುಂಡು ಮಾಡದೆ ಇಡಿಯಾಗಿಯೇ ಕೊಡಬಹುದಾಗಿತ್ತು. ಕೊಳ್ಳಲಾಗದ ರೈತರಿಗೆ ಬಾಡಿಗೆಗೂ ಸಿಗುತ್ತಿತ್ತು. ಇಂದಿನ ಹಿಮಾಚಲ ಪ್ರದೇಶದ ನಾಹನ್ ಫೌಂಡ್ರಿಯಂಥವು ಇದೇ ಬಗೆಯ ಗಾಣಗಳನ್ನು ಎರಕ ಹೊಯ್ದವು. ಕ್ರಮೇಣ ದೇಶದ ನಾನಾ ಕಡೆ ಇವು ಹರಡಿದವು.

ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬರು ಈ ಕಥೆಯಲ್ಲಿ ಮುಖ್ಯರಾಗುತ್ತಾರೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಲು ತೊಡಗಿದರು. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹಿಂಜರಿದರಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅಲ್ಲಿಂದ ಮೂರು ದಶಕದ ನಂತರ, 1941ರಲ್ಲಿ, ಇದೇ ಮನೆತನದ ಮೈಸೂರು ಕಿರ್ಲೋಸ್ಕರ್ ಕಂಪನಿ ತುಂಗಭದ್ರೆಯ ದಡದ ಹರಿಹರಕ್ಕೆ ಬಂತು.

ಹರಿಹರದಲ್ಲಿ ತಯಾರಾದದ್ದು ಲೇತ್. ಯಂತ್ರಗಳನ್ನು ಹೆರುವ ತಾಯಿ ಯಂತ್ರ ಎಂದು ಇದನ್ನು ಕರೆಯುತ್ತಾರೆ. ಲೇತಿನ ಕೆಳಮೈ ಬೀಡಿನದೇ ಆಗಬೇಕು. ಬೀಡಿನೊಳಗೆ ಹರಡಿಕೊಂಡಿರುವ ಗ್ರಾಫೈಟಿನ ಸಣ್ಣ ಹಲ್ಲೆಗಳು ಯಂತ್ರದ ನಡುಕವನ್ನು ನುಂಗಿಕೊಳ್ಳುತ್ತವೆ. ನಡುಕ ಕಡಮೆಯಾದಷ್ಟೂ ಕೆಲಸ ನಯ. ಎರಕ ಹೊಯ್ದ ಮೈಯನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಒಳಗಿನ ಬಿಗುವು ಇಳಿದ ಮೇಲೆ ತರಿದು ನಯ ಮಾಡುವುದು ಹಳೆಯ ಕಾಲದ ಯಂತ್ರಶಾಲೆಗಳ ಪದ್ಧತಿಯಾಗಿತ್ತು.

ಇತ್ತ ಭದ್ರಾವತಿಯಲ್ಲಿ ವಿಶ್ವೇಶ್ವರಯ್ಯನವರ ಯೋಜನೆಯಂತೆ 1923ರ ಜನವರಿಯಲ್ಲಿ ಇದ್ದಿಲಿನ ಊದುಕುಲುಮೆ ಹೊತ್ತಿಕೊಂಡಿತ್ತು. ಕೆಮ್ಮಣ್ಣುಗುಂಡಿಯ ಅದಿರು ಕರಗಿ ಬೀಡಾಗಿ ಹರಿಯಿತು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಎದ್ದು ಊರಿಗೆ 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂತು. ಹತ್ತಿ ಬಿಡಿಸುವ, ನೂಲು ತೆಗೆಯುವ ಯಂತ್ರಗಳ ಚೌಕಟ್ಟುಗಳೂ ಬೀಡಿನವೇ. ಒಟ್ಟಿನಲ್ಲಿ ಭದ್ರಾವತಿ, ದಾವಣಗೆರೆ, ಹರಿಹರದ ಈ ಸೀಮೆ 20ನೆಯ ಶತಮಾನದ ಬಹುಭಾಗ ಬೀಡುಕಬ್ಬಿಣದ ಸುತ್ತ ದುಡಿಯಿತು.

ನಂತರದ ಕಥೆ ಇಲ್ಲಿನವರಿಗೆ ಗೊತ್ತಿರುವುದೇ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ನಿಂತಿತು. ದುಡಿದವರ ಬದುಕು ಚದುರಿತು. ಆದರೆ ಹರಿಹರದ ಲೇತ್‌ಗಳು ಸಣ್ಣ ವರ್ಕ್‌ಶಾಪುಗಳಲ್ಲಿ ಇಂದಿಗೂ ತಿರುಗುತ್ತಿವೆ. ಕಂಪನಿ ಇಲ್ಲವಾದರೂ ಅದರ ಹೆಸರು ಬೀಡಿನ ಮೈಮೇಲೆ ಉಳಿದಿದೆ.

ಉಳಿಯುವುದು ಯಾವ ಭಾಗ?

ಹಳೆಯ ಕಾರ್ಖಾನೆ ಸಾಮಾನನ್ನು ಮನೆಯ ಪೀಠೋಪಕರಣವಾಗಿ ಇಡುವ ಹವ್ಯಾಸ ಮೊದಲು ಬೆಳೆದದ್ದು ಪಾಶ್ಚಾತ್ಯ ನಗರಗಳಲ್ಲಿ. ನ್ಯೂಯಾರ್ಕಿನ ಸೋಹೊ ಬಡಾವಣೆಯಲ್ಲಿ ಬೀಡಿನ ಮುಖಮಂಟಪಗಳಿದ್ದ ಹಳೆಯ ಕಾರ್ಖಾನೆ ಕಟ್ಟಡಗಳಲ್ಲಿ ಕಲಾವಿದರು ವಾಸಕ್ಕೆ ಸೇರಿಕೊಂಡರು. 1973ರಲ್ಲಿ ಆ ಬಡಾವಣೆಯನ್ನು ಪಾರಂಪರಿಕ ಪ್ರದೇಶವೆಂದು ಸಾರಲಾಯಿತು. ಕಾರ್ಖಾನೆಯ ಸ್ಟೂಲು, ದೀಪ, ಕೆಲಸದ ಮೇಜುಗಳಿಗೆ ಬೆಲೆ ಬಂತು. ಆ ಗಾಳಿ ಭಾರತಕ್ಕೂ ಬೀಸಿತು. ಬೆಂಗಳೂರಿನ ಹೋಟೆಲುಗಳಲ್ಲಿ ಹೊಲಿಗೆ ಯಂತ್ರದ ಕಾಲಿನ ಮೇಲೆ ಮರದ ಹಲಗೆ ಕೂರಿಸಿದ ಮೇಜುಗಳನ್ನು ಕಾಣಬಹುದು.

ಗುಜರಿಯಿಂದ ಒಂದು ವಸ್ತು ಪಾರಾಯಿತಲ್ಲ, ಸಂತೋಷವೇ. ಆದರೆ ಇಲ್ಲೊಂದು ಎಡವಟ್ಟು ನಡೆಯುತ್ತದೆ. ಸಿಂಗರ್ ಯಂತ್ರದ ಕಾಲು ಅಂದವಾಗಿದೆ, ಅದನ್ನು ಇಟ್ಟುಕೊಳ್ಳುತ್ತಾರೆ. ಮೇಲಿನ ಯಂತ್ರವನ್ನು ತೂಕಕ್ಕೆ ಹಾಕುತ್ತಾರೆ. ಯಂತ್ರದ ವಯಸ್ಸು ಹೇಳುವ ಕ್ರಮಸಂಖ್ಯೆ ಇರುವುದು ಆ ಮೇಲಿನ ಭಾಗದಲ್ಲಿ! ಸಿಂಗರ್ ಕಂಪನಿಯ ಸಂಖ್ಯೆಗಳಲ್ಲಿ 1900ಕ್ಕಿಂತ ಮೊದಲು ಬರಿ ಅಂಕಿಗಳಿದ್ದವು. ಆ ವರ್ಷದಿಂದ ಮುಂದೆ ಒಂದು ಅಕ್ಷರ ಸೇರಿತು, ಆಮೇಲೆ ಎರಡು ಅಕ್ಷರ. ಅಜ್ಜಿ ಮೊದಲ ರವಿಕೆ ಹೊಲಿದ ಯಂತ್ರ ಯಾವ ಕಾಲದ್ದೆಂಬುದಕ್ಕೆ ಇದ್ದ ಒಂದೇ ಸಾಕ್ಷಿ ಹೀಗೆ ಕುಲುಮೆ ಸೇರುತ್ತದೆ. ಲೇತಿನ ವಿಷಯದಲ್ಲಿ ಇದೇ ತಿರುವುಮುರುವು. ಹೆಸರಿನ ಫಲಕವನ್ನು ಕಿತ್ತು ಗೋಡೆಗೆ ಹಾಕಿಕೊಳ್ಳುತ್ತಾರೆ, ಯಂತ್ರ ಕರಗುತ್ತದೆ. ಒಂದು ಕಡೆ ಹೆಸರಿಲ್ಲದ ವಸ್ತು, ಇನ್ನೊಂದು ಕಡೆ ವಸ್ತುವಿಲ್ಲದ ಹೆಸರು. ಎರಡೂ ಅರ್ಧ ಸಂಗ್ರಹವೇ.

ಬೀಡನ್ನು ಓದುವುದು

ಬೀಡಿನ ವಸ್ತುವನ್ನು ಮೊದಲು ಓದಬೇಕು. ಎರಡು ಅಚ್ಚುಗಳು ಕೂಡಿದಲ್ಲಿ ಸಣ್ಣದೊಂದು ಗೆರೆ, ಮೈಯಲ್ಲಿ ಮರಳಿನ ತರಿ, ಉಬ್ಬಿದ ಅಕ್ಷರ - ಇವು ಎರಕದ ಗುರುತುಗಳು. ಅಯಸ್ಕಾಂತ ಎಲ್ಲ ಕಬ್ಬಿಣಕ್ಕೂ ಅಂಟುತ್ತದೆ, ಅದರಿಂದ ಬೀಡೆಂದು ತಿಳಿಯದು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದಾಗ ದನಿ ಮೊಂಡಾಗಿದ್ದರೆ ಎಲ್ಲೋ ಬಿರುಕು ಇರಬಹುದು.

ಅಕ್ಷರಗಳು ಕಾಲವನ್ನು ಹೇಳುತ್ತವೆ. ಬೆಂಗಳೂರಿನಿಂದ ಹರಿಹರದವರೆಗಿನ ರೈಲುಹಾದಿ 1880ರ ದಶಕದಲ್ಲಿ ಬಂದದ್ದು. ಆ ಕಾಲದ ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿ 'ಎಂ. ಅಂಡ್ ಎಸ್.ಎಂ.' ಆಯಿತು. ಮೈಸೂರು ಸಂಸ್ಥಾನದ ರೈಲ್ವೆಯೂ ಸೇರಿ ಎಲ್ಲವೂ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಲೀನವಾದವು. ಹೀಗಾಗಿ ಬೆಂಚಿನ ಪಕ್ಕೆಯ ಎರಡು ಮೂರು ಅಕ್ಷರ ನೋಡಿದರೆ ಅದು ಯಾವ ಕಾಲಘಟ್ಟದ್ದೆಂದು ಅಂದಾಜಾಗುತ್ತದೆ. ಕಿರಾಣಿ ಅಂಗಡಿಯ ಆರು ಮೂಲೆಯ ತೂಕದ ಕಲ್ಲಿನಲ್ಲಿ ಕಿಲೋಗ್ರಾಂ ಎಂದಿದ್ದರೆ ಅದು 1958ರಲ್ಲಿ ಮೆಟ್ರಿಕ್ ಪದ್ಧತಿ ಜಾರಿಗೆ ಬರತೊಡಗಿದ ನಂತರದ್ದು. ಸೇರು, ಮಣದ ಲೆಕ್ಕದ್ದಾದರೆ ಅದಕ್ಕೂ ಹಿಂದಿನದು. ಕಲ್ಲಿನ ಕುಳಿಯಲ್ಲಿ ತುಂಬಿದ ಸೀಸದ ಮೇಲೆ ಇಲಾಖೆಯ ಮುದ್ರೆಗಳಿರುತ್ತವೆ. ತಿಕ್ಕಿ ಹೊಳಪು ಬರಿಸುವ ಉತ್ಸಾಹದಲ್ಲಿ ಆ ಮುದ್ರೆಗಳನ್ನೇ ಅಳಿಸಿಬಿಡಬಾರದು.

ನಕಲಿಗಳೂ ಇವೆ. ಜೋಧಪುರದಂಥ ಕಡೆ ಹಳೆಯ ಮಾದರಿಯ ಹೊಸ ಮೇಜು, ಸ್ಟೂಲುಗಳು ದೊಡ್ಡ ಪ್ರಮಾಣದಲ್ಲಿ ತಯಾರಾಗುತ್ತವೆ. ಹೊಸದೆಂದು ಹೇಳಿ ಮಾರಿದರೆ ತಪ್ಪಿಲ್ಲ, ಹಳೆಯದೆಂದರೆ ಮೋಸ. ಕೂಡುಗೆರೆಯಂಥ ತಲೆಯ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. '1900ರ ಮೇಜು' ಎಂಬುದರಲ್ಲಿ ಮೊದಲಿನಿಂದಲೂ ಅಂಥ ಸ್ಕ್ರೂಗಳೇ ಇದ್ದವೆಂದರೆ ನಂಬಬೇಡಿ. ನಿಜವಾಗಿ ಬಳಸಿದ ವಸ್ತು ಕೈ, ಕಾಲು ತಾಗುವ ಕಡೆ ಮಾತ್ರ ಸವೆದಿರುತ್ತದೆ. ಮೈಯೆಲ್ಲ ಒಂದೇ ಸಮನೆ ತುಕ್ಕು ಹಿಡಿದಿದ್ದರೆ ಅದನ್ನು ಆಮ್ಲದಿಂದ ಬರಿಸಿರಬಹುದು.

ಕಾನೂನಿನ ಮಾತು

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಂತೆ ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತುಗಳು ಪ್ರಾಚ್ಯವಸ್ತುಗಳ ವ್ಯಾಪ್ತಿಗೆ ಬರಬಲ್ಲವು. ಅಂಥವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ವ್ಯಾಪಾರ ಮಾಡಲು ಪರವಾನಗಿ ಬೇಕು. ಈ ಲೆಕ್ಕದಲ್ಲಿ ಹರಿಹರದ ಅತ್ಯಂತ ಹಳೆಯ ಲೇತಿಗೂ 2041ರವರೆಗೆ ನೂರು ತುಂಬುವುದಿಲ್ಲ. ಅಲ್ಲಿಯವರೆಗೆ ಅದು ಕಾನೂನಿನ ಕಣ್ಣಿನಲ್ಲಿ ಹಳೆಯ ಯಂತ್ರ, ಗುಜರಿಯವನ ಕಣ್ಣಿನಲ್ಲಿ ಕಬ್ಬಿಣ. ನೂರು ತುಂಬುವ ಹೊತ್ತಿಗೆ ಎಷ್ಟು ಉಳಿದಿರುತ್ತವೆ ಎಂಬುದೇ ಪ್ರಶ್ನೆ.

ಇನ್ನೊಂದು ಎಚ್ಚರ. ಕದ್ದ ರೈಲ್ವೆ ಸಾಮಾನು ಇಟ್ಟುಕೊಳ್ಳುವುದು 1966ರ ಕಾಯ್ದೆಯಂತೆ ಅಪರಾಧ. ಹರಾಜಿನ ಕಾಗದಪತ್ರ ಇಲ್ಲದೆ ರೈಲ್ವೆ ಗುರುತಿನ ಯಾವುದನ್ನೂ ಕೊಳ್ಳಬಾರದು. ಚರಂಡಿಯ ಬೀಡಿನ ಮುಚ್ಚಳವಂತೂ ಎಷ್ಟೇ ಹಳೆಯದಿರಲಿ, ಎಷ್ಟೇ ಅಂದವಿರಲಿ, ಅದರ ಜಾಗ ರಸ್ತೆಯೇ. ಅದು ಕಾಣೆಯಾದ ಕಡೆ ಯಾರದೋ ಮಗು ಬೀಳುತ್ತದೆ.

ಕಾಪಾಡುವ ಬಗೆ

ಬೀಡನ್ನು ಕಾಪಾಡುವ ವಿದ್ಯೆ ತಾಯಂದಿರಿಗೆ ಮೊದಲೇ ಗೊತ್ತು. ಬೀಡಿನ ದೋಸೆ ಹಂಚನ್ನು ಕೊಂಡ ದಿನವೇ ಯಾರೂ ಒಲೆಗೆ ಇಟ್ಟು ಹಿಟ್ಟು ಹೊಯ್ಯುವುದಿಲ್ಲ. ತೊಳೆದು, ಒರೆಸಿ, ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತಾರೆ. ಕಾದ ಹಂಚಿನ ಮೇಲೆ ಕೊಡ ನೀರು ಸುರಿದರೆ ಬಿರಿಯುತ್ತದೆಂಬುದನ್ನೂ ಬಲ್ಲರು. ಹಳೆಯ ಗಾಣಕ್ಕೂ ಇದೇ ನೀತಿ. ತೇವದ ಮಣ್ಣಿನಿಂದ ಎತ್ತಿ ಕಲ್ಲಿನ ಮೇಲೋ ಮರದ ದಿಮ್ಮಿಯ ಮೇಲೋ ಇಡಬೇಕು. ಸಡಿಲ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಎಣ್ಣೆಯನ್ನೋ ಮೇಣವನ್ನೋ ತೆಳ್ಳಗೆ ಸವರಬೇಕು. ಮೂಲ ಬಣ್ಣ ಉಳಿದಿದ್ದರೆ ಕೆರೆಯಬಾರದು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವುಂಟು, ಅದರ ಪುಡಿ ಉಸಿರಿಗೆ ಹೋಗುವುದು ಅಪಾಯ. ಜಾಮ್ ಆದ ಉರುಳೆಗೆ ಸುತ್ತಿಗೆ ಪೆಟ್ಟು ಕೊಡದೆ ಎಣ್ಣೆ ಬಿಟ್ಟು ದಿನಗಟ್ಟಲೆ ಕಾಯಬೇಕು. ಒಡೆದದ್ದನ್ನು ಬೀಡಿನ ವೆಲ್ಡಿಂಗ್ ಬಲ್ಲವರ ಕೈಗೆ ಮಾತ್ರ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ನೋಟ್ ಪುಸ್ತಕ. ವಸ್ತು ಎಲ್ಲಿತ್ತು, ಯಾರದಾಗಿತ್ತು, ಯಾವ ವರ್ಷದವರೆಗೆ ಬಳಸಿದರು, ಮೈಮೇಲೆ ಏನು ಬರೆದಿದೆ, ಅದನ್ನು ನಡೆಸಲು ಬಲ್ಲವರು ಈಗ ಯಾರಿದ್ದಾರೆ - ಇಷ್ಟನ್ನು ಬರೆದಿಟ್ಟರೆ ಅದು ಸಂಗ್ರಹ. ಬರೆದಿಡದಿದ್ದರೆ ಅದು ಮನೆಯೊಳಗಿನ ಗುಜರಿ. ಎಲ್ಲರಿಗೂ ಗಾಣವನ್ನೋ ಲೇತನ್ನೋ ಇಟ್ಟುಕೊಳ್ಳಲು ಜಾಗವಿರುವುದಿಲ್ಲ. ಒಂದು ಘನ ಅಡಿ ಬೀಡು ಸುಮಾರು 200 ಕೆ.ಜಿ. ತೂಗುತ್ತದೆ. ಆದರೆ ನಾಲ್ಕು ಫೋಟೋ, ಎರಡು ಪುಟ ಬರಹಕ್ಕೆ ಜಾಗ ಎಲ್ಲರ ಮನೆಯಲ್ಲೂ ಇದೆ.

ಇಂಥ ಕೆಲಸಕ್ಕೆ ನಾಡಿನಲ್ಲಿ ಮೇಲ್ಪಂಕ್ತಿಗಳಿವೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಬೇಸಾಯದ, ಅಡುಗೆಮನೆಯ ಸಾಮಾನ್ಯ ವಸ್ತುಗಳಿಗೆ ಗೌರವದ ಸ್ಥಾನ ದೊರೆಯಿತು. ಮೈಸೂರಿನಲ್ಲಿ 1979ರಿಂದ ರೈಲು ವಸ್ತುಸಂಗ್ರಹಾಲಯವಿದೆ. ಬೆಂಗಳೂರಿನ ಎಚ್.ಎಂ.ಟಿ. ತನ್ನ ಗಡಿಯಾರ ಮತ್ತು ಯಂತ್ರಗಳ ನೆನಪಿಗೆ ಜಾಲಹಳ್ಳಿಯಲ್ಲಿ ಪಾರಂಪರಿಕ ಕೇಂದ್ರ ತೆರೆದಿದೆ. ಹರಿಹರದ ಲೇತ್, ದಾವಣಗೆರೆಯ ಗಿರಣಿ ಯಂತ್ರ, ಈ ಸುತ್ತಿನ ಆಲೆಮನೆಯ ಗಾಣ - ಈ ಮೂರನ್ನು ಒಂದೆಡೆ ನಿಲ್ಲಿಸಿದರೆ ಸೀಮೆಯ ನೂರು ವರ್ಷದ ದುಡಿಮೆಯ ಚರಿತ್ರೆ ಕಣ್ಣಿಗೆ ಕಾಣುತ್ತದೆ. ಶಾಲೆಯ ಒಂದು ಕೋಣೆ, ಗ್ರಂಥಾಲಯದ ಒಂದು ಮೂಲೆ ಆರಂಭಕ್ಕೆ ಸಾಕು. ಲೇತ್ ನಡೆಸಿದ ಕೈಗಳು, ಗಾಣಕ್ಕೆ ಕಬ್ಬು ಕೊಟ್ಟ ಕೈಗಳು ಇನ್ನೂ ಊರೂರುಗಳಲ್ಲಿವೆ. ಅವರು ಬಾಯಿಬಿಟ್ಟು ಹೇಳುವಾಗಲೇ ಬರೆದುಕೊಳ್ಳಬೇಕು.

ಎಲ್ಲವನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ. ಕಷ್ಟದ ದಿನ ಗಾಣವನ್ನು ಮಾರಿದ ರೈತನನ್ನು ಯಾರೂ ದೂರುವಂತಿಲ್ಲ. ಕೇಳಿಕೊಳ್ಳುವುದು ಇಷ್ಟೇ. ಗುಜರಿಯ ಗಾಡಿ ಬಾಗಿಲಿಗೆ ಬಂದಾಗ ಒಂದು ಗಳಿಗೆ ನಿಲ್ಲಿಸಿ. ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿ ಅದರ ಮೇಲಿನ ಅಕ್ಷರ ಓದಿ. ಮನೆಯ ಹಿರಿಯರನ್ನು ಕರೆದು, ಇದು ಯಾವ ಕಾಲದ್ದು, ಯಾರು ತಂದದ್ದು ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ತೂಕಕ್ಕೆ ಹಾಕುವುದೋ ಬೇಡವೋ ತೀರ್ಮಾನಿಸಿ.